ಆಚಾರ್ಯರನ್ನ ಎಬ್ಬಿಸೋ ಕೈ

ಇಂಡಿ ಹಳೇ ಪ್ಯಾಟಿ ವಿಠ್ಠಲ ಗುಡ್ಯಾಗ ಆನಂದತೀರ್ಥಾಚಾರ್ಯರು ಬೆಳಗಿನ ಕಾಕಡಾರತಿಗೆ ದನಿ ತಗದ್ರಂದ್ರ, ಬಸ್ ಸ್ಟ್ಯಾಂಡಿನ್ಯಾಗ ಸೋಲಾಪುರ ಗಾಡಿ ಡ್ರೈವರ್ ಇಂಜಿನ್ ಬಂದ್ ಮಾಡಿ ಸ್ಟೇರಿಂಗ್ ಮ್ಯಾಲ ಗದ್ದ ಇಟ್ಟು ಕುಂದರತಿದ್ದ. ಕಂಡಕ್ಟರ್ ಸೀಟಿ ಊದಿ ಊದಿ ದವಡಿ ನೋಯಿಸ್ಕೋತಿದ್ದ, ಗಾಡಿ ಅಳ್ಳಾಡತಿರಲಿಲ್ಲ. ಊರ ಸುತ್ತಿನ ನಿಂಬಿ ತ್ವಾಟದಾಗ ಹಸರು ಕಾಯಿ ಆ ಹಾಡು ಮುಗಿಯೂದ್ರಾಗ ಹಳದಿ ಆಗತಿದ್ದುವು ಅಂತ ಹೇಳವ್ರದಾರ. ಅದು ಶುದ್ಧ ಸುಳ್ಳು. ಎರಡು ದಿನರೆ ಬೇಕಾಗ್ತಿತ್ತು. ಎಮ್ಮಿ ಮಾತು ಮಾತ್ರ ಖರೇ ಐತಿ. ಓಣ್ಯಾಗಿನ ಎಮ್ಮಿಗೋಳು ಆಚಾರ್ಯರ ಮೊದಲನೇ ಹಾಡು ಕಿವಿಗೆ ಬೀಳೂತನಕ ತೊರಿ ಬಿಡತಿರಲಿಲ್ಲ, ಹಾಲಿನವರು ಖಾಲಿ ಚರಗಿ ಹಿಡಕೊಂಡು ಗುಡಿ ಕಡೆ ಮಾರಿ ಮಾಡಿ ನಿಂದರತಿದ್ರು.

ಆದ್ರ ಈ ಕತಿ ಆಚಾರ್ಯರದಲ್ಲ. ಆಚಾರ್ಯರನ್ನ ದಿನಾ ಎಬ್ಬಿಸತಿದ್ದ ಪಂಢರಿನಾಥ ಮಾಸ್ತರದು.

ಯಾಕಂದ್ರ ಆಚಾರ್ಯರು ಹಾಡೂದ್ರಾಗ ಎಷ್ಟು ದೊಡ್ಡವರೋ ನಿದ್ದಿ ಮಾಡೂದ್ರಾಗ ಅದಕ್ಕಿಂತ ದೊಡ್ಡವರು. ಅವರ ಗೊರಕಿಗೆ ಒಂದು ಸಲ ಮಾಳಿಗಿ ಮ್ಯಾಲಿನ ಮಂಗ್ಯಾ ಹೆದರಿ ಸಿಂದಗಿತನಕ ಓಡಿತ್ತಂತ. ಪಂಢರಿನಾಥ ಮಾಸ್ತರು ಹೈಸ್ಕೂಲಿನ್ಯಾಗ ಲೆಕ್ಕಾ ಕಲಿಸಿ ರಿಟೈರ್ ಆದವರು, ಗುಡಿಗೆ ಹೋಗೂ ದಾರ್ಯಾಗ ದಿನಾ ಆಚಾರ್ಯರ ಕಟ್ಟಿ ಮುಂದ ನಿಂತು ಕರೀತಿದ್ರು.

"ಏಳ್ರಿ ಆಚಾರ್ಯರ, ವಿಠ್ಠಲ ಕಾಯಲಿಕ್ಕತ್ತಾನ."

ಒಳಗಿಂದ ಕಂಬಳ್ಯಾಗಿನ ದನಿ ಬರತಿತ್ತು. "ಅವಗೇನೋ, ಇಟ್ಟಂಗಿ ಮ್ಯಾಲ ನಿಂತಾನ. ಕಾಯೋದೇ ಅವನ ಉದ್ಯೋಗ. ಮೊದಲು ನಮ್ಮ ಮನ್ಯಾಗ ಚಹಾ ಇಡ್ಲಿಕ್ಕೆ ಹೇಳು."

ಹಿಂಗ ವರ್ಷಾನುಗಟ್ಟಲೆ ನಡೀತು. ಆಚಾರ್ಯರಿಗೆ ಎದಿ ಬ್ಯಾನಿ ಸುರು ಆದಾಗ, ಬಸ್ ಸ್ಟ್ಯಾಂಡ್ ಮುಂದ ಸಿಸಿಟಿವಿ ಅಂಗಡಿ ಇಟ್ಟ ಜುಲ್ಫಿಕರ ಒಂದು ಕಾರ್ತೀಕ ಪೂರಾ ಮೈಕ್ ಹಿಡಕೊಂಡು ಗುಡಿ ಕಟ್ಟಿಗೆ ಕುಂತು ಎಲ್ಲಾ ಹಾಡು ರೆಕಾರ್ಡ್ ಮಾಡಿಕೊಂಡ. ಅಂವ ಮಾಸ್ತರ ಕೈಯಾಗ ಲೆಕ್ಕಾ ಕಲ್ತಂವ, ಕಿವಿ ಹಿಂಡಿಸ್ಕೊಂಡಂವ. ಮರುವರ್ಷ ಆಚಾರ್ಯರು ಹೋಗಿಬಿಟ್ರು. ದನಿ ಉಳೀತು.

ಆ ದನಿ ಎಲ್ಲಿ ಇಡಬೇಕು ಅನ್ನೂದ್ರಾಗೇ ಮಾಸ್ತರು ಸಿಕ್ಕೊಂಡದ್ದು.

ಮೊದಲು ಒಂದು ಪೆನ್‌ಡ್ರೈವ್‌ನ್ಯಾಗ ಹಾಕಿದ್ರು. ಪೂಜಾರಿ ಅದರಾಗ ಜಾಗಾ ಐತಿ ಅಂತ ತನ್ನ ತಂಗಿ ಲಗ್ನದ ಬ್ಯಾಂಡಿನ ಹಾಡೂ ತುಂಬಿಸಿದ. ಏಕಾದಶಿ ದಿನ ಮಂದಿ ಕೈ ಮುಗದು ಕಣ್ಣು ಮುಚ್ಚಿದಾಗ ಆಚಾರ್ಯರ ಹಿಂದಿಂದ ಬ್ಯಾಂಡು ಸುರು ಆತು. ಕಟ್ಟಿಗೆ ಕುಂತ ಇಬ್ಬರು ಮುದುಕೇರು ಕುಣದ್ರು ಅಂತ ಊರು ಹೇಳತೈತಿ, ಕುಣದವರು ಮಾತ್ರ ಒಪ್ಪಂಗಿಲ್ಲ. ಆಮ್ಯಾಲ ಕಂಪ್ಯೂಟರಿನ ಒಳಗಿನ ಕಾರ್ಡಿನ್ಯಾಗೇ ಇಟ್ರು. ಕರೆಂಟ್ ಜಿಗಿದಾಡಿ ಎರಡು ಕಾರ್ಡು ಸುಟ್ಟುವು. ಕಡೀಕ ಗುಡಿ ಟ್ರಸ್ಟಿನ ಯಜಮಾನ್ರು ಶ್ರೀವಲ್ಲಭ ಪಂತರು ಕೋಲು ನೆಲಕ್ಕ ಕುಟ್ಟಿ ಹೇಳಿದ್ರು.

"ಆಚಾರ್ಯರು ಕಿಸೆದಾಗ ಹಿಡಿಯೂ ಸಾಮಾನಿನ್ಯಾಗ ಇರಬಾರದು. ಪಂಢರಿನಾಥರ ದೇವರ ಮನ್ಯಾಗ ಇರ್ಲಿ. ಅವರೇ ಎಬ್ಬಿಸತಿದ್ರಲ್ಲ."

ಹಂಗಾಗಿ ಏರ್ಪಾಡು ಹಿಂಗಾತು. ಗುಡಿ ಉಗ್ರಾಣದಾಗ ಕಡ್ಡಿಪೆಟಗಿಗಿಂತ ತುಸು ದೊಡ್ಡದು ಒಂದು ಲಿನಕ್ಸ್ ಕಂಪ್ಯೂಟರ್. ಮಾಸ್ತರ ದೇವರ ಮನ್ಯಾಗ, ಮಂಟಪದ ಹಿಂದ, ಇಟ್ಟಂಗಿಯಷ್ಟು ಒಂದು ಸ್ಟೋರೇಜ್ ಡಬ್ಬಿ. ಹಾಡೆಲ್ಲಾ ಡಬ್ಬ್ಯಾಗ. ನಡುವ ಮೂರು ಮಂದಿ ಮಾಳಿಗಿ ದಾಟಿ ಒಂದು ಕೇಬಲ್. ಗುಡಿ ಮೇನ್ ಸ್ವಿಚ್ ರಾತ್ರಿ ಬಂದ್ ಇರತೈತಿ, ಒಂದು ಸಲ ವೈರು ಸುಟ್ಟು ಪರದಿಗೆ ಬೆಂಕಿ ಹತ್ತಿದಾಗಿಂದ ಅದು ಟ್ರಸ್ಟಿನ ಕಾನೂನು. ಬೆಳಗಿನ ಜಾವ ಪೂಜಾರಿ ಸ್ವಿಚ್ ಹಾಕಿದ ಕೂಡ್ಲೆ ಸಣ್ಣ ಕಂಪ್ಯೂಟರ್ ತಾನಾಗೇ ಏಳಬೇಕು, ಕೇಬಲ್ ಹಿಡಕೊಂಡು ಹೋಗಿ ಡಬ್ಬಿನ ಹುಡಕಬೇಕು, ಅದರಾಗಿನ ಕಪಾಟು ತನ್ನ ಸ್ವಂತ ಕಪಾಟೇ ಅನ್ನೂಹಂಗ ತನ್ನೊಳಗ ಜೋಡಿಸ್ಕೋಬೇಕು. ಇದಕ್ಕ ಜುಲ್ಫಿಕರ ಮೌಂಟ್ ಆಗೂದು ಅಂತಾನ. ಮೌಂಟ್ ಆತಂದ್ರ ಹಾಡತೈತಿ. ಆಗಲಿಲ್ಲಂದ್ರ ವಿಠ್ಠಲ ಮೂಕ.

ಮೊದಲನೇ ದಿನ ಹಗಲ ಎಲ್ಲಾರ ಮುಂದ ಜುಲ್ಫಿಕರ ಹತ್ತು ಸಲ ಬಂದ್ ಮಾಡಿ ಚಾಲೂ ಮಾಡಿ ತೋರ್ಸಿದ. ಹತ್ತೂ ಸಲ ಹಾಡ್ತು. ಮಂದಿ ಚಪ್ಪಾಳಿ ಹೊಡದ್ರು.

ಮರುದಿನ ಬೆಳಗಿನ ಜಾವ ಹಾಡಲಿಲ್ಲ.

ಮಾಸ್ತರು ಧೋತರಾ ಮ್ಯಾಲ ಕಟ್ಟಿಕೊಂಡು ಉಗ್ರಾಣಕ್ಕ ಓಡಿದ್ರು. ಬೆಲ್ಲದ ಮೂಟಿ ಮ್ಯಾಲ ಕುಂತು, ಜುಲ್ಫಿಕರ ಫೋನಿನ್ಯಾಗ ಹೇಳಿಕೊಟ್ಟ ಒಂದು ಸಾಲು ಇಂಗ್ಲಿಷ್ ಮಂತ್ರ ಕೀಲಿಮಣಿ ಮ್ಯಾಲ ಕುಟ್ಟಿದ್ರು. ಕರೇ ಪರದ್ಯಾಗ ಏನೋ ಬೈಗುಳ ಬಂತು. ಮತ್ತ ಕುಟ್ಟಿದ್ರು. ಮತ್ತ ಬೈಗುಳ. ಮೂರನೇ ಸಲಕ್ಕ ಆಚಾರ್ಯರು ಕೆಮ್ಮಿದ್ರು. ರೆಕಾರ್ಡಿನ್ಯಾಗಿನ ಆ ಕೆಮ್ಮು ಜುಲ್ಫಿಕರ ಬೇಕಂತಲೇ ಅಳಿಸಿರಲಿಲ್ಲ. ಕೆಮ್ಮಿನ ಹಿಂದೇ ಹಾಡು ಬಂತು, ಓಣ್ಯಾಗಿನ ಎಮ್ಮಿ ತೊರಿ ಬಿಟ್ಟುವು.

ಅವತ್ತಿಂದ ದಿನಾ ಇದೇ ಹಾಡು, ಇದೇ ಪಾಡು.

ಹಗಲ ಜುಲ್ಫಿಕರ ಬಂದು ನೋಡ್ತಾನ, ತಾನಾಗೇ ಮೌಂಟ್ ಆಗತೈತಿ. ಬೆಳಗಿನ ಜಾವ ಆಗಂಗಿಲ್ಲ. ಕೇಬಲ್ ಬದಲಿ ಮಾಡಿದ. ನೆಟ್‌ವರ್ಕ್ ಏಳೂದು ತಡಾ ಆಗತಿರಬೇಕಂತ ಕಂಪ್ಯೂಟರಿಗೆ "ತುಸು ತಡದು ಹುಡಕು" ಅಂತ ಬರದಿಟ್ಟ. ಆದ್ರೂ ಅದು ಜಪ್ಪಯ್ಯ ಅನ್ನಲಿಲ್ಲ. ಪೂಜಾರಿಗೆ ಆ ಒಂದು ಸಾಲು ಕಲಿಸಿದ್ರು. ಪೂಜಾರಿ ಸ್ವಿಚ್ ಹಾಕಿದ ಕೂಡ್ಲೆ ಕುಟ್ಟಿದ, ಬೈಗುಳಾ ಬಂತು, ಅಂವ ಕೀಲಿಮಣಿಗೆ ಕೈ ಮುಗದು ಎದ್ದುಬಿಟ್ಟ. ಅಷ್ಟೊತ್ತಿಗೆ ಮಾಸ್ತರು ಸ್ನಾನಾ ಮಾಡಿ, ನಾಮಾ ಹಚ್ಕೊಂಡು, ಮೂರು ಓಣಿ ತಿರುವು ದಾಟಿ ಬಂದು ಕುಂತು ಕುಟ್ಟಿದ್ರ ಹಾಡತಿತ್ತು. ಒಂದು ಸಲ ಕುಟ್ಟಿದ್ದಕ್ಕ ಇಲ್ಲಾ, ಮೂರು ಸಲಕ್ಕರೆ.

ಊರಿಗೆ ಉತ್ತರ ಸಿಕ್ಕಿಬಿಡ್ತು. ಆಚಾರ್ಯರಿಗೆ ಪಂಢರಿನಾಥರೇ ಬಂದು ಎಬ್ಬಿಸಬೇಕು. ಜೀವಂತ ಇದ್ದಾಗಿನ ಚಟಾ, ಹೋದ ಮ್ಯಾಲೂ ಬಿಟ್ಟಿಲ್ಲ.

"ನಿಮ್ಮ ಕೈಗುಣಾರೀ" ಅಂತ ಶ್ರೀವಲ್ಲಭ ಪಂತರು ರಾಮನವಮಿ ದಿನ ಎಲ್ಲಾರ ಮುಂದ ಮಾಸ್ತರಿಗೆ ಶಾಲು ಹೊಚ್ಚಿದ್ರು. ಮಾಸ್ತರಿಗೂ ಎದಿ ಉಬ್ಬಿತು. ಸುಳ್ಳ್ಯಾಕ ಹೇಳೂಣು, ಎರಡು ದಿನ ಶಾಲು ಹೊತಗೊಂಡೇ ಕಾಯಿಪಲ್ಲೆ ತರಾಕ ಹೋಗಿದ್ರು. ಸಂತ್ಯಾಗ ಬದನಿಕಾಯಿ ಮಾರೂ ಹುಚ್ಚವ್ವ, "ಏನ್ರಿ ಮಾಸ್ತರ, ಇಷ್ಟು ಶೆಕಿಯಾಗ ಥಂಡಿ ಹತ್ತೇತೇನು?" ಅಂತ ಕೇಳಿದ ಮ್ಯಾಲ ಮಡಚಿ ಪೆಟಗ್ಯಾಗ ಇಟ್ರು. ಆ ಶಾಲು ಕೊಳ್ಳಿಗೆ ಬಿಗದ ಹಗ್ಗ ಅಂತ ತಿಳಿಯಾಕ ಬಹಳ ದಿನ ಬೇಕಾಗಲಿಲ್ಲ.

ಒಂದು ದಿನ ಕಣ್ಣು ತೋರ್ಸಾಕಂತ ಹಿಂದಿನ ದಿನಾನೇ ವಿಜಯಪುರಕ್ಕ ಹೋಗಿ ಉಳಕೊಂಡ್ರು. ಬೆಳಗಿನ್ಯಾಗ ಗುಡಿ ಮೂಕಾತು. ಪಂತರು ಹತ್ತು ಸಲ ಫೋನ್ ಮಾಡಿದ್ರು. ಹಾಲಿನವರು ಎರಡು ಸಲ ಮಾಡಿದ್ರು. ಕಣ್ಣಿಗೆ ಔಷಧ ಹಾಕಿಸ್ಕೊಂಡು, ಜಗತ್ತೆಲ್ಲಾ ಮಸಕ ಕಾಣೂದ್ರಾಗ ಮಾಸ್ತರು ಇಂಡಿ ಬಸ್ಸು ಅಂತ ಇನ್ನ್ಯಾವುದೋ ಬಸ್ಸು ಹತ್ತಿ, ಇಳದು, ಮತ್ತೊಂದು ಹತ್ತಿ ಬಂದು ಉಗ್ರಾಣದ ಬೆಲ್ಲದ ಮೂಟಿ ಮ್ಯಾಲ ಕುಂತ್ರು. ಕುಟ್ಟಿದ್ರು. ಹಾಡ್ತು. ಮಂದಿ ಕಣ್ಣೀರು ಹಾಕಿದ್ರು. ಮಾಸ್ತರ ಕಣ್ಣಾಗೂ ನೀರು ಬಂತು, ಅದು ಔಷಧದ್ದು.

ಅವತ್ತಿಂದ ಮಾಸ್ತರು ಇಂಡಿ ಬಿಟ್ಟು ಒಂದು ರಾತ್ರಿ ಹೊರಗ ಮಲಗಲಿಲ್ಲ. ಸಿಂದಗ್ಯಾಗ ತಮ್ಮನ ಮಗನ ಲಗ್ನ ಆತು, ಹೋಗಲಿಲ್ಲ. ಮುದ್ದೇಬಿಹಾಳದಾಗ ಮಗಳು ಶುಭಾನ ಹೊಸಾ ಮನಿ ಶಾಂತಿ ಆತು, ಹೆಂಡತಿ ವೃಂದಾಬಾಯಿ ಸೈತ ಒಬ್ಬಾಕಿನೇ ಹೋಗಾಕ ಒಲ್ಯಾ ಅಂದು ಕುಂತ್ರು. ಗ್ವಾಡಿ ಗೂಟಕ್ಕ ಪ್ರವಾಸದ ಕೈಚೀಲ ಜೋತಾಡತಿತ್ತು. ಅದರಾಗ ಎರಡು ಧೋತರಾ, ಒಂದು ಟವಲ್ಲು ಮಡಚಿ ಇಟ್ಟದ್ದು ಹಂಗೇ ಹಳದಿ ಬಿದ್ದುವು. ಹಗಲೆಲ್ಲಾ ಬಸ್ ಸ್ಟ್ಯಾಂಡ್ ಕಟ್ಟಿಗೆ ಕುಂತು ಹೋಗೂ ಗಾಡಿ ಬೋರ್ಡು ಓದೂದೇ ಮಾಸ್ತರಿಗೆ ಪ್ರವಾಸ ಆತು.

ಎಲ್ಲಾದಕ್ಕಿಂತ ಚುಚ್ಚತಿದ್ದದ್ದು ಇಂದೂಬಾಯಿದು.

ಇಂದೂಬಾಯಿ ಅಂದ್ರ ಮಾಸ್ತರ ಅಕ್ಕ, ನಾಲತವಾಡದಾಗ ಇರ್ತಾರ. ದೀಪಾವಳಿ ಪಾಡ್ಯ ಆದ ಮರುದಿನ, ಬಿದಿಗಿ ದಿನ, ಭಾಊಬೀಜ. ತಮ್ಮ ಎಲ್ಲಿದ್ರೂ ಅಕ್ಕನ ಮನಿಗೆ ಹೋಗಬೇಕು, ಅಕ್ಕ ಮಣಿ ಮ್ಯಾಲ ಕುಂಡರಿಸಿ ಆರತಿ ಬೆಳಗಬೇಕು. ತಮ್ಮ ಬರಲಿಲ್ಲಂದ್ರ ಹೆಣ್ಣುಮಕ್ಕಳು ಅಂಗಳಕ್ಕ ಬಂದು ಬಿದಿಗಿ ಚಂದ್ರಗ ತಮ್ಮ ಅಂತ ತಿಳಕೊಂಡು ಆರತಿ ಎತ್ತತಾರ. ಮೂರು ವರ್ಷಾತು, ಇಂದೂಬಾಯಿ ಚಂದ್ರಗ ಆರತಿ ಎತ್ತಾಕತ್ತಿದ್ರು. ಯಾಕಂದ್ರ ಬಿದಿಗಿ ಬರೂದೇ ಕಾಕಡಾರತಿಗೆ ಊರೆಲ್ಲಾ ಕೂಡೂ ಕಾರ್ತೀಕದಾಗ.

ಈ ಸಲ ದೀಪಾವಳಿ ಎದರಿಗೆ ಇದ್ದಾಗ ಅಕ್ಕನ ಫೋನು ಬಂತು.

"ಪಂಢ್ರಿ, ಈ ವರ್ಷ ನೀ ಬರ್ತಿಯೋ, ಚಂದ್ರ ಬರ್ತಾನೋ?"

"ಅಕ್ಕಾ, ನಿನಗ ಗೊತ್ತದಲ್ಲ, ಕಾಕಡಾರತಿ ಹೊತ್ತಿಗೆ…"

"ಚಂದ್ರಗೂ ಉದ್ಯೋಗ ಅದನೋ. ಜಗತ್ತಿಗೆಲ್ಲಾ ಬೆಳಕು ಕೊಡಬೇಕು. ಆದ್ರೂ ಬರ್ತಾನ. ಕಂಪ್ಯೂಟರ್ ಕೆಟ್ಟದ ಅಂತ ಒಂದು ಸಲಾನೂ ಫೋನ್ ಮಾಡಿಲ್ಲ ಅಂವ."

ಮಾಸ್ತರು ನಕ್ರು. ಆ ಕಡೆ ನಗು ಬರಲಿಲ್ಲ.

"ಕಣ್ಣಾಗ ಪೊರಿ ಭಾಳ ಆಗ್ಯದ ಪಂಢ್ರಿ. ಹೋದ ವರ್ಷ ಚಂದ್ರ ನನಗ ಕಾಣಲೇ ಇಲ್ಲ. ಓಣಿಯವರು ಬೊಟ್ಟು ಮಾಡಿದ ಕಡೆ ಆರತಿ ಎತ್ತೀನಿ. ಅದು ಚಂದ್ರನೋ, ಮೊಬೈಲ್ ಟಾವರಿನ ದೀಪಾನೋ, ಯಾರಿಗೆ ಗೊತ್ತು? ನಿನ್ನ ಮಾರಿ ಆದ್ರ ಕೈಲೆ ಮುಟ್ಟಿ ಗುರ್ತಾ ಹಿಡೀತೀನಿ. ಚಂದ್ರನ ಮಾರಿ ಹ್ಯಾಂಗ ಮುಟ್ಟಲಿ?"

ಫೋನು ಇಟ್ಟ ಮ್ಯಾಲ ಮಾಸ್ತರು ಗೂಟದ ಕೈಚೀಲದ ಧೂಳಾ ಜಾಡಿಸಿದ್ರು. ಆಮ್ಯಾಲ ಪಂತರ ಮನಿಗೆ ಹೋದ್ರು.

"ಒಂದೇ ದಿವಸ ಸುಟ್ಟಿ ಕೊಡ್ರಿ ಪಂತರ. ಹಿಂದಿನ ದಿನ ಹೋಗಿ, ಬಿದಿಗಿ ಮುಗಿಸಿ ಬಂದುಬಿಡ್ತೀನಿ."

ಪಂತರು ಎದ್ದು ಮಾಸ್ತರ ಎರಡೂ ಕೈ ಹಿಡಕೊಂಡ್ರು. ಬೈದಿದ್ರ ಛಲೋ ಇತ್ತು.

"ಸುಟ್ಟಿ ಕೊಡ್ಲಿಕ್ಕೆ ನಾ ಯಾರ್ರಿ? ಆಚಾರ್ಯರನ್ನ ಕೇಳ್ರಿ. ದೀಪಾವಳ್ಯಾಗ ಗುಡಿ ಮೂಕ ಆದ್ರ ಊರು ನನಗೇನು ಅಂದೀತು? ಈ ಕೈ ಅವ ನೋಡ್ರಿ, ಈ ಕೈ ವಿಠ್ಠಲನವು."

ಮಾಸ್ತರು ತಮ್ಮ ಕೈ ತಾವೇ ನೋಡಿಕೊಂಡ್ರು. ಸೀಮಿಸುಣ್ಣಾ ಹಿಡದು ಹಿಡದು ಒಣಗಿದ ಕೈ. ಕಡಕೊಂಡು ಇಲ್ಲೇ ಇಟ್ಟು ಹೋಗಾಕ ಬರಂಗಿದ್ರ ಇಟ್ಟೇ ಹೋಗತಿದ್ರು.

ದಾರ್ಯಾಗ ಜುಲ್ಫಿಕರನ ಅಂಗಡಿ. ಮಾಸ್ತರು ಸೀದಾ ಒಳಗ ಹೋಗಿ ಸ್ಟೂಲ್ ಮ್ಯಾಲ ಕುಂತ್ರು.

"ಜುಲ್ಫ್ಯಾ, ನನ್ನ ಬಿಡಿಸು."

"ಏನಾತ್ರಿ ಸರ?"

"ಮೂರು ವರ್ಷಾತು, ನಿನ್ನ ಕಡ್ಡಿಪೆಟಗಿ ನನ್ನ ಕಟ್ಟಿ ಹಾಕೇದ. ಎಮ್ಮಿಗೆ ಹಗ್ಗ ಇರ್ತದ, ಕಾಣ್ತದ. ನನಗ ಕೇಬಲ್ಲು, ಮಾಳಿಗಿ ಮ್ಯಾಲಿಂದ ಅದ, ಯಾರಿಗೂ ಕಾಣಂಗಿಲ್ಲ."

ಜುಲ್ಫಿಕರ ಬೆಸುಗಿ ಹಾಕೂ ಕಡ್ಡಿ ಬದೀಗಿಟ್ಟ. ಗದ್ದ ತುರಿಸ್ಕೊಂಡ. "ಸರ, ಈ ಕಂಪ್ಯೂಟರು ಪೂಜಾರಿ ಕೈಗೂ ಇಂಗ್ಲಿಷೇ ಮಾತಾಡತೈತಿ, ನಿಮ್ಮ ಕೈಗೂ ಇಂಗ್ಲಿಷೇ. ಕೈಗುಣ ಗೊತ್ತಾಗೂವಷ್ಟು ಶಾಣ್ಯಾ ಅಲ್ರಿ ಅದು. ಹಗಲ ಬರ್ತೈತಿ, ಜಾವದಾಗ ಬರಂಗಿಲ್ಲ. ಹಂಗಾರ ಜಾವದಾಗ ಏನೋ ಬ್ಯಾರೆ ಐತಿ. ನಾ ಜಾವದಾಗ ಎಂದೂ ನೋಡೇ ಇಲ್ಲ, ನೋಡ್ರಿ. ನೀವು ಫೋನ್ ಮಾಡ್ತೀರಿ, ನಾ ಹಾಸಗ್ಯಾಗೇ ಹೇಳ್ತೇನಿ."

"ಮತ್ತ?"

"ಪಾಡ್ಯ ದಿನ ನಾ ಉಗ್ರಾಣದಾಗ ಕುಂದರ್ತೇನಿ. ನೀವು ಮನ್ಯಾಗ ಡಬ್ಬಿ ಮುಂದ ಕುಂದರ್ರಿ. ಆ ಕಡೆ ಕಣ್ಣೊಂದು, ಈ ಕಡೆ ಕಣ್ಣೊಂದು."

"ನಮ್ಮ ಡಬ್ಬೀದೇನೂ ಇಲ್ಲೋ. ಯಾವಾಗ ನೋಡಿದ್ರೂ ಮಿಣಿಮಿಣಿ ಅಂತಿರ್ತದ. ಅದು ಮಲಗೋದೇ ಇಲ್ಲ."

"ಯಾವಾಗ ನೋಡೀರಿ ಸರ ಅದನ್ನ?"

ಮಾಸ್ತರು ವಿಚಾರ ಮಾಡಿದ್ರು. ಗುಡಿಯಿಂದ ಬಂದ ಮ್ಯಾಲ ನೋಡ್ಯಾರ. ಸಂಧ್ಯಾವಂದನಿಗೆ ಕುಂತಾಗ ನೋಡ್ಯಾರ. ಊಟದ ಹೊತ್ತಿಗೆ ನೋಡ್ಯಾರ. ಜಾವದಾಗ ಮಾತ್ರ ಸ್ನಾನಾ ಆದ ಕೂಡ್ಲೆ ಗುಡಿಗೆ ಓಡೂದು. ಮಂಟಪದ ಹಿಂದ ಇಣಕಾಕ ಪುರಸೊತ್ತು ಎಲ್ಲಿ? ಲೆಕ್ಕದ ಮಾಸ್ತರು, ಇಷ್ಟು ಸಣ್ಣ ಲೆಕ್ಕದಾಗ ಒಂದು ಸಾಲು ಬಿಟ್ಟುಬಿಟ್ಟಿದ್ರು. ಪಾಡ್ಯ ದಿನ ಕುಂದರ್ತೀನಿ ಅಂದು ಎದ್ರು.

ಪಾಡ್ಯ ದಿನ ಬೆಳಗಿನ ಜಾವ. ಮಾಸ್ತರು ಸ್ನಾನಾ ಮುಗಿಸಿ, ಗುಡಿಗೆ ಹೋಗಲಾರದ ದೇವರ ಮನಿ ಹೊಸ್ತಲ ಒಳಗ ಮಣಿ ಹಾಕ್ಕೊಂಡು ಕುಂತ್ರು. ವೃಂದಾಬಾಯಿ ಆಗ ಬಚ್ಚಲಕ್ಕ ಹೊಂಟಿದ್ರು.

"ಇದೇನ್ರಿ, ಇವತ್ತ ಆಚಾರ್ಯರನ್ನ ಎಬ್ಬಿಸಲಿಕ್ಕೆ ಹೋಗಂಗಿಲ್ಲೇನು?"

"ನೀ ಸ್ನಾನಾ ಮಾಡ್ಕೊಂಡ್ ಬಾ. ಇವತ್ತ ಬ್ಯಾರೆ ಕಾರಭಾರ ಅದ."

ವೃಂದಾಬಾಯಿ ಒಳಗ ಹೋಗಿ ಅಗಳಿ ಹಾಕ್ಕೊಂಡ್ರು. ಫೋನು ಗುಂಯ್ ಅಂತು. ಜುಲ್ಫಿಕರ.

"ಸರ, ಪೂಜಾರಿ ಸ್ವಿಚ್ ಹಾಕಿದ. ಕಂಪ್ಯೂಟರ್ ಎದ್ದೈತಿ. ಡಬ್ಬಿ ಸಿಗಾಕತ್ತಿಲ್ಲ. ಪಿಂಗ್ ಹೊಡದೆ, ಕರದ್ರ ಹೂಂ ಅನ್ನಂಗೂ ಇಲ್ಲ. ಅಲ್ಲೇ ಐತೇನ್ರಿ ಡಬ್ಬಿ? ದೀಪಾ ನೋಡ್ರಿ."

ಮಾಸ್ತರು ಮಂಟಪದ ಹಿಂದ ಬಗ್ಗಿದ್ರು. ಡಬ್ಬಿ ಮ್ಯಾಲ ವೃಂದಾಬಾಯಿ ಹೊಲಿದ ಕೆಂಪು ರೇಶಿಮಿ ಗವಸು ಇತ್ತು. ಎತ್ತಿದ್ರು. ಕತ್ತಲಿ. ಮಿಣಿಮಿಣೀನೂ ಇಲ್ಲ, ಗುಂಯ್ ಅನ್ನೂದೂ ಇಲ್ಲ. ಮುಟ್ಟಿದ್ರು. ತಣ್ಣಗ ಸಾಲಿಗ್ರಾಮ ಇದ್ದಂಗ ಇತ್ತು.

"ಸತ್ತದಲೋ ಜುಲ್ಫ್ಯಾ!" ಅಂದ್ರು ಮಾಸ್ತರು. ಆಚಾರ್ಯರು ಎರಡನೇ ಸಲ ಹೋದ್ರಲ್ಲಾ ಅಂತ ಡಬ್ಬಿಗೆ ಕಿವಿ ಹಚ್ಚಿದ್ರು.

ಅಷ್ಟರಾಗ ವೃಂದಾಬಾಯಿ ಹಸಿ ಸೀರಿ ಸುತ್ಕೊಂಡು ಹೊಸ್ತಲಿಗೆ ಬಂದು ನಿಂತ್ರು. ಮಡಿಯಾಗಿದ್ರು.

"ಸರೀರಿ ಅತ್ಲಾಗ, ಮುಟ್ಟಬ್ಯಾಡ್ರಿ. ಎಬ್ಬಿಸ್ತೀನಿ." ಅಂದವರೇ ಗ್ವಾಡಿ ಮ್ಯಾಲಿನ ಸ್ವಿಚ್ ಟಕ್ ಅನಿಸಿದ್ರು. ಡಬ್ಬಿ ಗುಂಯ್ ಅಂತು. ಕೆಂಪು ದೀಪಾ ಬಂತು, ತುಸು ಹೊತ್ತಿಗೆ ಹಸರು ಆತು. ಆಮ್ಯಾಲ ಅವರು ಎಣ್ಣಿ ದೀಪಾ ಹಚ್ಚಾಕ ಕುಂತ್ರು.

ಮಾಸ್ತರು ಸ್ವಿಚ್ಚಿಗೆ ಬೊಟ್ಟು ಮಾಡಿದ್ರು. "ಇದು… ಇದು ನೀ ದಿನಾ ಮಾಡ್ತೀಯೇನು?"

"ಮತ್ತ? ದಿನಾ ಶೇಜಾರತಿ ಆದ ಮ್ಯಾಲ ದೇವರಿಗೆ ಹೊದಿಸಿ ಮಲಗಿಸ್ತೀವಿ. ಆಚಾರ್ಯರನ್ನ ಒಬ್ಬರನ್ನೇ ರಾತ್ರಿ ಪೂರ್ತಿ ಕಣ್ಣು ಮಿಟುಕಿಸ್ಕೋತ ಕುಂಡರಿಸಲೇನು? ವಯಸ್ಸಾದವರು. ಮುಂಜಾನೆ ಮಡೀಲೆ ಎಬ್ಬಿಸ್ತೀನಿ. ಮೈಲಿಗ್ಯಾಗ ಮುಟ್ಟಲಿಕ್ಕೆ ಬರ್ತದೇನು?"

"ಮೂರು ವರ್ಷ?"

"ಮೊದಲನೇ ದಿನದಿಂದ. ಯಾಕ್ರಿ?"

ಫೋನಿನ್ಯಾಗ ಜುಲ್ಫಿಕರ ಎಲ್ಲಾ ಕೇಳಿಸ್ಕೊಂಡಿದ್ದ. ಆ ಕಡೆ ಬೆಲ್ಲದ ಮೂಟಿ ಮ್ಯಾಲ ಬಿದ್ದು ಹೊರಳ್ಯಾಡಿ ನಗೂದು ಕೇಳಸಾಕತ್ತಿತ್ತು. ಆ ನಗುವಿಗೆ ಉಗ್ರಾಣದ ಇಲಿ ನಾಕು ದಿನ ಬಿಲದಿಂದ ಹೊರಗ ಬರಲಿಲ್ಲಂತ.

ಎಲ್ಲಾ ಬಯಲಾತು. ಪೂಜಾರಿ ಸ್ವಿಚ್ ಹಾಕೂ ಹೊತ್ತಿಗೆ ಡಬ್ಬಿ ಇನ್ನೂ ಮಲಗಿರ್ತಿತ್ತು. ಸಣ್ಣ ಕಂಪ್ಯೂಟರ್ ಎದ್ದು ಒಂದು ಸಲ ಕೂಗಿ, ಉತ್ತರ ಬರಲಿಲ್ಲಂತ ಸುಮ್ಮನಾಗ್ತಿತ್ತು. ಮಾಸ್ತರು ನಡದು ಹೋಗಿ ಕುಂದ್ರೂದ್ರಾಗ ಇಲ್ಲಿ ವೃಂದಾಬಾಯಿ ಸ್ನಾನಾ ಮುಗದಿರ್ತಿತ್ತು, ಅದಕ್ಕ ಮಾಸ್ತರ ಕೈಗೆ ಹಾಡತಿತ್ತು. ತಲಿಗೆ ಎರಕೊಂಡ ದಿನ ತಡಾ ಆಗಿ ಮೂರು ಸಲ ಕುಟ್ಟಬೇಕಾಗ್ತಿತ್ತು. ಮಾಸ್ತರು ವಿಜಯಪುರಕ್ಕ ಹೋದ ದಿನ ವೃಂದಾಬಾಯಿ ಅವಸರಾ ಇಲ್ಲಂತ ಬಿಸಿಲೇರೂತನಕ ಮಲಗಿದ್ರು. ಕೈಗುಣ ಇದ್ದದ್ದು ಖರೇ. ಕೈ ಬ್ಯಾರೆದವರದಿತ್ತು.

ಮಾಸ್ತರಿಗೆ ನಗಬೇಕೋ ಸಿಟ್ಟಾಗಬೇಕೋ ತಿಳೀಲಿಲ್ಲ. ಸಿಂದಗಿ ಲಗ್ನ, ಶುಭಾನ ಮನಿ, ಅಕ್ಕನ ಮೂರು ಬಿದಿಗಿ, ಎಲ್ಲಾ ಆ ಒಂದು ಟಕ್ ಅನ್ನೂ ಸಪ್ಪಳದಾಗ ಹೋಗಿದ್ವು.

"ಹಂಗಾರ ಇವತ್ತಿಂದ ಸ್ವಿಚ್ ಬಂದ್ ಮಾಡಬ್ಯಾಡ" ಅಂದ್ರು.

"ಆಗಂಗಿಲ್ಲ." ವೃಂದಾಬಾಯಿ ತಿರುಗಿ ಸೈತ ನೋಡಲಿಲ್ಲ. ಬತ್ತಿ ಹೊಸೀಕೋತ ಅಂದ್ರು, "ದೇವರ ಮನ್ಯಾಗ ದೇವರು ಮಲಗಿದ ಮ್ಯಾಲ ಯಾರೂ ಎಚ್ಚರ ಇರಬಾರದು. ನಮ್ಮತ್ತಿಯವರು ಹೇಳಿದ್ದು. ನಿಮ್ಮ ಕಂಪ್ಯೂಟರಿಗೆ ಅಷ್ಟು ಅವಸರಾ ಇದ್ರ ಅದಕ್ಕೇ ಕಾಯಲಿಕ್ಕೆ ಕಲಸ್ರಿ."

ಫೋನಿನ್ಯಾಗಿನ ನಗು ನಿಂತುಬಿಡ್ತು. "ಸರ" ಅಂದ ಜುಲ್ಫಿಕರ, "ಬಾಯಾರು ಹೇಳಿದ್ದೇ ಖರೇ ಐತಿ. ತಪ್ಪು ನಂದೈತಿ. ನಾ ಕಂಪ್ಯೂಟರಿಗೆ 'ಎದ್ದ ಕೂಡ್ಲೆ ಕಪಾಟು ಜೋಡಿಸ್ಕೋ' ಅಂತ ಬರದೇನಿ. ಹಂಗ ಬರೀಬಾರದಾಗಿತ್ತು."

ಪಾಡ್ಯದ ಹೋಳಿಗಿ ಊಟ ಬಿಟ್ಟು ಮಾಸ್ತರು, ಜುಲ್ಫಿಕರ ಇಬ್ಬರೂ ಹಗಲೆಲ್ಲಾ ಉಗ್ರಾಣದಾಗ ಕುಂತ್ರು. ಕಂಪ್ಯೂಟರ್ ಏಳೂವಾಗ ಓದೂ ಕಡತದಾಗ ಜುಲ್ಫಿಕರ ಒಂದು ಸಾಲು ತಿದ್ದಿದ. ಮಾಸ್ತರು ಅದರ ಅರ್ಥ ಕೇಳಿದ್ರು. ಅಂವ ಹೇಳಿದ, "ಇನ್ನ ಮ್ಯಾಲೆ ಇದು ಎದ್ದ ಕೂಡ್ಲೆ ಒದರಂಗಿಲ್ರಿ. ಸುಮ್ಮನ ಬಾಗಲದಾಗ ಕುಂದರತೈತಿ. ಹಾಡು ಬೇಕಂತ ಕೇಳಿದಾಗ ಅಷ್ಟ ಹೋಗಿ ಕಪಾಟು ಜೋಡಿಸ್ಕೋತೈತಿ. ಹಾಡೂ ಪ್ರೋಗ್ರಾಮಿಗೂ ಹೇಳೇನಿ, ಕೇಳು, ಸಿಗಲಿಲ್ಲಂದ್ರ ತುಸು ಕುಂದರು, ಮತ್ತ ಕೇಳು. ಸಿಗೂತನಕ ಕೇಳು."

"ಅಂದ್ರ ನಾ ಆಚಾರ್ಯರ ಕಟ್ಟಿ ಮುಂದ ನಿಂತು ಮಾಡತಿದ್ದ ಉದ್ಯೋಗ."

"ಹೌದ್ರಿ ಸರ. ನಿಮ್ಮನ್ನೇ ಅದರಾಗ ಬರದಿಟ್ಟೇನಿ ಅನ್ಕೋರಿ."

ಬಿದಿಗಿ ದಿನ ಜಾವದಾಗ ಮಾಸ್ತರು ಗೂಟದ ಮ್ಯಾಲಿನ ಕೈಚೀಲಾ ಇಳಿಸಿದ್ರು. ಮೊದಲನೇ ಬಸ್ಸಿಗೆ ಹೋದ್ರ ಮಧ್ಯಾಹ್ನಕ್ಕ ನಾಲತವಾಡ. ವೃಂದಾಬಾಯಿ ಶೇಂಗಾ ಹೋಳಿಗಿ ಕಟ್ಟಿಕೊಟ್ಟು, "ಸೀದಾ ಬಸ್ ಸ್ಟ್ಯಾಂಡಿಗೆ ಹೋಗ್ರಿ. ಗುಡಿ ಕಡೆ ಹೊಳ್ಳಿ ನೋಡಬ್ಯಾಡ್ರಿ" ಅಂದು ಬಚ್ಚಲಕ್ಕ ಹೋದ್ರು.

ಹೂಂ ಅಂದ್ರು ಮಾಸ್ತರು. ಕಾಲು ಮಾತು ಕೇಳಲಿಲ್ಲ. ಗುಡಿ ಹಿಂದಿನ ಗ್ವಾಡಿಗೆ ಬೆನ್ನು ಹಚ್ಚಿ, ಕೈಚೀಲಾ ಎದಿಗೆ ಅವಚಿಕೊಂಡು, ಕಳ್ಳನಗತೆ ನಿಂತ್ರು. ಒಳಗ ಸ್ವಿಚ್ ಬಿದ್ದ ಸಪ್ಪಳ ಆತು. ಮಂದಿ ಕೆಮ್ಮೂದು, ಬಳಿ ಸಪ್ಪಳ, ಪಂತರ ಕೋಲು. ಹಾಡು ಇಲ್ಲ.

ಮಾಸ್ತರ ಬೆರಳು ತಾವಾಗೇ ಕೈಚೀಲದ ಮ್ಯಾಲ ಆ ಒಂದು ಸಾಲು ಕುಟ್ಟಾಕತ್ತಿದ್ವು. ಒಳಗ ಯಾರೋ "ಮಾಸ್ತರು ಎಲ್ಲಿ?" ಅಂದಂಗಾತು. ಬಸ್ ಸ್ಟ್ಯಾಂಡ್ ಕಡೆಯಿಂದ ಹಾರ್ನು. ಒಂದು ಕಾಲು ಉಗ್ರಾಣದ ಕಡೆ ಎಳೀತಿತ್ತು, ಒಂದು ಬಸ್ಸಿನ ಕಡೆ. ನಡುವ ಮನಷ್ಯಾ ಗ್ವಾಡಿಗೆ ಮೊಳಿ ಹೊಡದಂಗ ನಿಂತಿದ್ದ. ವೃಂದಾ, ತಲಿಗೆ ಎರಕೊಳ್ಳಾಕತ್ತೀಯೇನವಾ? ಹಬ್ಬದ ದಿನ ಅಲ್ಲೇನು, ಎರಕೊಂಡೇ ಎರಕೊಂಡಿರ್ತಾಳ. ಹಾರ್ನು ಮತ್ತೊಮ್ಮೆ ಆಗಿ, ದೂರ ಆಗಿ, ಹೋಗೇಬಿಡ್ತು. ಇನ್ನ ಆಗಂಗಿಲ್ಲ ಅಂತ ಮಾಸ್ತರು ಉಗ್ರಾಣದ ಕಡೆ ಹೆಜ್ಜಿ ಎತ್ತೂದಕ್ಕೂ ಒಳಗ ಆಚಾರ್ಯರು ಕ್ಯಾಕರಿಸಿ ಕೆಮ್ಮೂದಕ್ಕೂ ಸರಿ ಹೋತು.

ಹಾಡು ಎದ್ದು ನಿಂತಿತು. ಮಾಸ್ತರು ಎತ್ತಿದ ಹೆಜ್ಜಿ ಎಲ್ಲಿ ಇಡಬೇಕಂತ ತಿಳೀಲಾರದ ಒಂದು ಹಾಡು ಮುಗಿಯೂತನಕ ಅಲ್ಲೇ ನಿಂತ್ರು. ಯಾರೂ ಅವರನ್ನ ಹುಡುಕ್ಯಾಡಲಿಲ್ಲ.

ಮೊದಲನೇ ಬಸ್ಸು ಹೋತು, ಎರಡನೇದು ತುಂಬಿ ಬಾಗಲದಾಗ ಮಂದಿ ಜೋತಾಡತಿದ್ರು, ಮೂರನೇದ್ರಾಗ ನಿಂತ್ಕೊಂಡು ವಿಜಯಪುರ. ಅಲ್ಲಿಂದ ಮುಂದ ಗಾಡಿ ಎರಡು ಸಲ ಪಂಚರ್ ಆತು. ಬಸವನ ಬಾಗೇವಾಡಿ ಸ್ಟ್ಯಾಂಡಿನ್ಯಾಗ ಕಿಸೆದಾಗಿನ ಫೋನು ಅಳ್ಳಾಡ್ತು. ಶ್ರೀವಲ್ಲಭ ಪಂತರು. 

"ಮಾಸ್ತರ, ಇವತ್ತಿನ ಕಾಕಡಾರತಿ ಏನು ಹೇಳಲಿ! ದನಿ ಏನು ಛಲೋ ಬಂತ್ರಿ. ನಿಮ್ಮ ಕೈಗುಣಾ. ಭೆಟ್ಟಿ ಆಗೋಣಂದ್ರ ಎಲ್ಲಿ ಹೋದ್ರೋ ಕಾಣಲಿಲ್ಲ."

ಹೌದ್ರಿ ಅಂದುಬಿಟ್ರ ಶಾಲೂ ಉಳೀತಿತ್ತು, ಮಾನಾನೂ ಉಳೀತಿತ್ತು. ಮಾಸ್ತರು ಕಿಟಕಿ ಸರಳು ಹಿಡಕೊಂಡ್ರು.

"ಪಂತರ, ನಾ ಬಾಗೇವಾಡ್ಯಾಗ ಇದ್ದೀನ್ರಿ. ಇವತ್ತ ಉಗ್ರಾಣಕ್ಕ ಕಾಲೇ ಇಟ್ಟಿಲ್ಲ."

ಆ ಕಡೆ ಕೋಲು ನೆಲಕ್ಕ ಬಿದ್ದ ಸಪ್ಪಳ. "ಮತ್ತ ಆಚಾರ್ಯರನ್ನ ಎಬ್ಬಿಸಿದವರು ಯಾರ್ರಿ?"

"ನಮ್ಮ ಮನ್ಯಾಕಿ. ಇಷ್ಟು ದಿನಾನೂ ಆಕೀನೇ ಎಬ್ಬಿಸ್ಯಾಳ. ಶಾಲು ಪೆಟಗ್ಯಾಗ ಅದ, ತಗೊಂಡು ಆಕಿಗೆ ಹೊಚ್ಚರಿ."

ಗಾಡಿ ಬಿಡ್ತು. ಮುದ್ದೇಬಿಹಾಳ ದಾಟೂದ್ರಾಗ ಹೊತ್ತು ಇಳೀತು. ನಾಲತವಾಡದಾಗ ಇಳಿದಾಗ ಪಡುವಣದಾಗ ಕೆಂಪು ಆರಿ, ಚಂದ್ರ ಸೈತ ಉಗುರಿನ ಚೂರಿನಗತೆ ತೋರಿ ಮನಿಗೋಳ ಹಿಂದ ಇಳದುಬಿಟ್ಟಿದ್ದ. ಮಾಸ್ತರು ಧೋತರಾ ಎತ್ತಿ ಹಿಡಕೊಂಡು ಓಡಿದ್ರು. ಆ ಓಟಕ್ಕ ಓಣಿ ನಾಯಿ ಸೈತ ಬೊಗಳೂದು ಮರತು ದಾರಿ ಬಿಟ್ಟುವು.

ಅಂಗಳದಾಗ ಇಂದೂಬಾಯಿ ಒಬ್ಬರೇ ನಿಂತಿದ್ರು. ಕೈಯಾಗ ಆರತಿ ತಾಟು. ಮಾರಿ ಮ್ಯಾಲಕ್ಕ ಮಾಡಿ, ದೂರದ ಮೊಬೈಲ್ ಟಾವರಿನ ಕೆಂಪು ದೀಪಕ್ಕ ಸಾವಕಾಶ ಆರತಿ ಬೆಳಗಾಕತ್ತಿದ್ರು.

ಮಾಸ್ತರು ಉಸರು ಬಿಡಕೋತ ಹೋಗಿ ಎದರಿಗೆ ನಿಂತ್ರು. "ಅಕ್ಕಾ."

ತಾಟು ನಿಲ್ಲಲಿಲ್ಲ. "ಯಾರು? ಸರಿ ಅತ್ಲಾಗ. ಚಂದ್ರಗ ಅಡ್ಡ ನಿಂತೀ."

"ಅಕ್ಕಾ, ನಾ ಪಂಢ್ರಿ. ಅದು ಚಂದ್ರ ಅಲ್ಲವಾ, ಟಾವರು."

ಆರತಿ ಒಂದು ಗಳಿಗಿ ಗಾಳ್ಯಾಗೇ ನಿಂತಿತು. ಇಂದೂಬಾಯಿ ಎಡಗೈ ಚಾಚಿ ಎದರಿಗಿನ ಹಣಿ ಮುಟ್ಟಿದ್ರು, ಮೂಗು ಮುಟ್ಟಿದ್ರು, ಬೆವರಿಗೆ ಒದ್ದೀ ಆಗಿದ್ದ ಗಲ್ಲ ಮುಟ್ಟಿದ್ರು, ಕಿವಿ ಹಿಡದು ಒಮ್ಮೆ ಗಟ್ಟಿಯಾಗಿ ಹಿಂಡಿದ್ರು.

"ಬಂದ್ಯಾ" ಅಂದ್ರು. "ನಿಂದರು ಅಲ್ಲೇ ಬದೀಗೆ. ಇದಕ್ಕ ಮುಗಿಸಿ ನಿನಗ ಬೆಳಗ್ತೀನಿ. ಟಾವರರೆ ಆಗಲಿ, ನೀ ಇಲ್ಲದಾಗ ಬಂದು ನಿಂತದ."

ಮಾಸ್ತರು ಕೈಚೀಲಾ ಕೆಳಗಿಟ್ಟು, ಟಾವರಿನ ಬದೀಗೆ ಸರದು, ಪಾಳಿ ಹಚ್ಚಿ ನಿಂತ್ರು.